ಹಗೆದಿಬ್ಬದ ಹುಲ್ಲು

ಗಾಲ್ಮೆ ಊರಲ್ಲಿ ಯಾಂಗ್‌ಸಿಮ್‌ಳ ಬಾಯಿಗೆ ಎದುರು ನಿಲ್ಲುವ ಹೆಂಗಸು ಇರಲಿಲ್ಲ. ಹೆಂಗಸರ ಮಾತಿರಲಿ, ಸಮುದ್ರವನ್ನೇ ಅವಳು ಬಿಡುತ್ತಿರಲಿಲ್ಲ. ಕಡಲಸೊಪ್ಪು ಕೀಳಲು ಬಂಡೆಗೆ ಹೋದಾಗ ಅಲೆಯೊಂದು ಬುಟ್ಟಿಯನ್ನು ಎಳೆದುಕೊಂಡು ಹೋದರೆ ಉಳಿದವರು ಅಯ್ಯೋ ಎಂದು ಸುಮ್ಮನಾಗುತ್ತಿದ್ದರು. ಇವಳು ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತು, "ಗಂಡನ್ನ ನುಂಗಿದ್ದು ಸಾಲ್ದೇನೋ ಹೊಟ್ಟೆಬಾಕ? ಬುಟ್ಟೀನೂ ಬೇಕಾ? ಕಕ್ಕು, ಕಕ್ಕು!" ಎಂದು ಬೈಯುತ್ತಿದ್ದಳು. ಒಂದೊಂದು ಸಲ ಬುಟ್ಟಿ ವಾಪಸ್ಸು ಬಂದೂ ಬರುತ್ತಿತ್ತು. ಕಡಲಿನ ದೇವರಿಗೂ ಇವಳ ಬಾಯಿ ಅಂದರೆ ಭಯ ಎಂದು ನೆರೆಮನೆಯ ಮಾನ್‌ಬೊಕ್ ನಗುತ್ತಿದ್ದ.

ಅವಳು ಬಾಯಿ ಮುಚ್ಚುತ್ತಿದ್ದುದು ಒಂದೇ ಹೊತ್ತಿನಲ್ಲಿ. ನಮ್ಮ ಜಿಂದೊ ದ್ವೀಪಕ್ಕೂ ಎದುರಿನ ನೆಲಕ್ಕೂ ನಡುವೆ ಇಕ್ಕಟ್ಟಾದ ಕಡಲಗಂಡಿ ಇದೆಯಲ್ಲ, ಅಲ್ಲಿ ಉಬ್ಬರ ಮುಗಿದು ನೀರು ಹಿಂದಕ್ಕೆ ತಿರುಗುವಾಗ ಅಳುತ್ತದೆ. ಅಳುತ್ತದೆ ಎಂದರೆ ಅಳುತ್ತದೆ, ಬೇರೆ ಮಾತಿಲ್ಲ. ಮೊದಲು ಗಂಟಲಲ್ಲಿ, ಆಮೇಲೆ ಎದೆಯಿಂದ, ಕೊನೆಗೆ ನೂರಾರು ಗಂಡಸರು ಒಟ್ಟಿಗೆ ಕೂಗಿದ ಹಾಗೆ. ಗಾಲ್ಮೆಯ ಮಕ್ಕಳು ಆ ಸದ್ದಿನಲ್ಲೇ ನಿದ್ದೆ ಹೋಗುತ್ತವೆ. ಬೇರೆ ಊರಿಂದ ಬಂದ ಸೊಸೆಯಂದಿರಿಗೆ ಮಾತ್ರ ಅದು ಒಗ್ಗಲು ವರ್ಷಗಳು ಬೇಕು. ಯಾಂಗ್‌ಸಿಮ್‌ಗೆ ಕೊನೆಯವರೆಗೂ ಒಗ್ಗಲಿಲ್ಲ.

ಮುತ್ತಜ್ಜನ ಮುತ್ತಜ್ಜನ ಕಾಲದಲ್ಲಿ ಜಪಾನಿನ ಹಡಗುಗಳು ಮಿಡತೆಯ ಹಿಂಡಿನಂತೆ ಇದೇ ಗಂಡಿಗೆ ನುಗ್ಗಿದ್ದವು. ನಮ್ಮ ಕಡೆ ಉಳಿದಿದ್ದುದು ಹನ್ನೆರಡೋ ಹದಿಮೂರೋ ಹಡಗು. ಆದರೆ ನಮ್ಮ ದಳವಾಯಿ ಈ ನೀರಿನ ಗುಣ ಬಲ್ಲವನು. ನೀರು ತಿರುಗುವವರೆಗೆ ತಡೆದು ನಿಂತ. ತಿರುಗಿದ್ದೇ ತಡ, ಹಗೆಯ ಹಡಗುಗಳು ಒಂದಕ್ಕೊಂದು ಬಡಿದುಕೊಂಡು ಸೌದೆಯಾದವು. ಗೆದ್ದ ಕಥೆಯನ್ನು ಹಾಡು ಕಟ್ಟಿ ಹಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಸತ್ತವರು ಎಲ್ಲಿಗೆ ಹೋದರು ಎಂದು ಕೇಳುವವರಿಲ್ಲ. ಅವರು ಗಾಲ್ಮೆಗೆ ಬಂದರು. ನೀರು ಅವರನ್ನು ತಂದು ಇಳಿತದಲ್ಲಿ ಮೀನು ಸಿಕ್ಕಿಬೀಳಲೆಂದು ದಡದಲ್ಲಿ ಕಲ್ಲು ಕಟ್ಟಿದ ನಮ್ಮ ಮೀನುಕಟ್ಟೆಗಳ ಒಳಗೆ ತುಂಬಿಸಿತು.

ಊರವರು ಹೆಣಗಳನ್ನು ಎಳೆದು, ಗದ್ದೆಯಾಚೆಯ ದಿಬ್ಬದ ಮೇಲೆ ಹೂಳಿ, ಅವರವರ ಊರು ಕಾಣಲಿ ಎಂದು ಗೋರಿಗಳನ್ನು ತೆಂಕಣ ಮೂಡಲ ದಿಕ್ಕಿಗೆ ಮುಖ ಮಾಡಿಸಿದರು. ಅದೇ ಹಗೆದಿಬ್ಬ. ಮೊದಲ ಹೆಣ ಸಿಕ್ಕಿದ್ದು ಯಾಂಗ್‌ಸಿಮ್‌ಳ ಗಂಡ ಪಾನ್‌ಸುವಿನ ವಂಶದವರ ಮೀನುಕಟ್ಟೆಯಲ್ಲಿ. ಅಂದಿನಿಂದ ಕೊಯ್ಲು ಹುಣ್ಣಿಮೆಗೆ ಮುಂಚೆ, ತಮ್ಮ ಹಿರಿಯರ ಗೋರಿಗಳ ಹುಲ್ಲು ಕೊಯ್ದ ಮೇಲೆ, ಆ ದಿಬ್ಬದ ಹುಲ್ಲನ್ನೂ ಆ ಮನೆಯವರೇ ಕೊಯ್ಯಬೇಕು. ಯಾಕೆ ಎಂದು ಕೇಳಿದರೆ, "ಮೊದಲಿಂದ ಹಂಗೇ" ಎನ್ನುತ್ತಿದ್ದರು.

ಯಾಂಗ್‌ಸಿಮ್ ಪಾನ್‌ಸುವನ್ನು ಮದುವೆಯಾಗಿ ಬಂದ ಮೊದಲ ವರ್ಷ ಅತ್ತೆ ಅವಳ ಕೈಗೆ ಕುಡುಗೋಲು ಕೊಟ್ಟಳು. ಅವಳು ಗೊಣಗುತ್ತಲೇ ಹೋಗಿ ಕೊಯ್ದಳು. ಎರಡನೆಯ ವರ್ಷ ಹೋಗಲಿಲ್ಲ. ಅಷ್ಟರಲ್ಲಿ, ಆಗ ನಮ್ಮ ನಾಡನ್ನು ಆಳುತ್ತಿದ್ದ ಜಪಾನಿನವರು ಪಾನ್‌ಸುವನ್ನು ತಮ್ಮ ನೌಕಾಪಡೆಯ ಕೂಲಿಗೆಂದು ಹಿಡಿದುಕೊಂಡು ಹೋಗಿದ್ದರು.

ಹೋಗುವ ದಿನ ದೋಣಿಕಟ್ಟೆಯಲ್ಲಿ ಅವನ ತಲೆ ಬೋಳಿಸಿ ನಿಲ್ಲಿಸಿದ್ದರು. ಯಾಂಗ್‌ಸಿಮ್ ನಾಚಿಕೆ ಬಿಟ್ಟು ಎಲ್ಲರ ಎದುರಿಗೇ ಅವನ ತಲೆಯ ಮೇಲೆ ಅಂಗೈ ಆಡಿಸಿದಳು. ಚುಚ್ಚಿತು.

"ಕೊಯ್ದ ಬಾರ್ಲಿ ಗದ್ದೆ ಆಗೋಯ್ತಲ್ಲ ನಿನ್ ತಲೆ" ಎಂದಳು.

"ಬರೋ ಹೊತ್ತಿಗೆ ಬೆಳ್ದಿರ್ತದೆ ಬಿಡು. ಆಗ ನೀನೇ ಬಾಚು" ಎಂದು ಅವನು ನಕ್ಕ.

ಅವನನ್ನು ಹೊತ್ತ ಹಡಗು ತೆಂಕಲ ಕಡಲಿನ ಯಾವುದೋ ದ್ವೀಪದ ಹತ್ತಿರ ಮುಳುಗಿತು. ಅಮೆರಿಕದವರು ಒಡೆದರಂತೆ. ಹಾಗೆಂದು ಹೇಳಿದವನು ಅದೇ ಹಡಗಿನಿಂದ ಬದುಕಿ ಬಂದ ಪಕ್ಕದೂರಿನವನು. ಹೇಳಿ ಮುಗಿಸಿ, ಕೊಟ್ಟ ಹೆಂಡವನ್ನೂ ಕುಡಿಯದೆ ಎದ್ದು ಹೋದ. ಹೆಣ ಇಲ್ಲ, ಬಟ್ಟೆಯ ಚೂರಿಲ್ಲ. ಉಳಿದದ್ದು ಅವನು ಉಣ್ಣುತ್ತಿದ್ದ ಕಂಚಿನ ಬಟ್ಟಲು, ಅದರ ಮುಚ್ಚಳ. ಯುದ್ಧದ ಕಾಲದಲ್ಲಿ ಜಪಾನಿನವರು ಮನೆಮನೆಯ ಕಂಚು ಹಿತ್ತಾಳೆಯನ್ನೆಲ್ಲ ಎತ್ತಿಕೊಂಡು ಹೋಗಿ ಹಡಗಿನ ತೋಪಿಗೆ ಗುಂಡು ಎರಕ ಹೊಯ್ದರು. ಊರಿನ ತಟ್ಟೆ ಚಮಚಗಳೆಲ್ಲ ಹಾಗೆ ಸಮುದ್ರದ ಪಾಲಾದವು. ಅತ್ತೆ ಮಗನ ಬಟ್ಟಲೊಂದನ್ನು ಹುಳಿ ಬಂದ ಸೋಯಾ ಹಿಟ್ಟಿನ ಜಾಡಿಯ ತಳದಲ್ಲಿ ಹೂತಿಟ್ಟು ಉಳಿಸಿಕೊಂಡಿದ್ದಳು. ಹುಡುಕಲು ಬಂದವರು ಜಾಡಿಯ ವಾಸನೆಗೆ ಮೂಗು ಮುಚ್ಚಿಕೊಂಡು ಹೋಗಿದ್ದರು.

ಜಪಾನಿನವರು ಸೋತು ಹೋದ ಮೇಲೂ ಅತ್ತೆ ಆ ಬಟ್ಟಲಿಗೆ ದಿನವೂ ಅನ್ನ ಹಾಕಿ, ಮುಚ್ಚಿ, ಒಲೆಯ ಬಿಸಿ ಹಾಯುವ ನೆಲದ ಮೇಲೆ ಹೊದಿಕೆಯೊಳಗೆ ಇಡುತ್ತಿದ್ದಳು. ದೂರ ಹೋದವನ ಪಾಲು ಆರಬಾರದು ಎಂದು ತಾಯಂದಿರು ಮಾಡುವುದೇ ಅದು. ಪಾನ್‌ಸು ಸತ್ತಿದ್ದಾನೆ ಎನ್ನುವಳು ಯಾಂಗ್‌ಸಿಮ್. ಹಸಿದಿದ್ದಾನೆ ಎನ್ನುವಳು ಅತ್ತೆ. ಆ ಮನೆಯ ಜಗಳವೆಲ್ಲ ಇಷ್ಟೇ.

ನೀರಲ್ಲಿ ಸತ್ತವನ ಜೀವ ನೀರಲ್ಲೇ ಇರುತ್ತದೆ. ಕತ್ತಲಲ್ಲಿ, ಚಳಿಯಲ್ಲಿ, ಯಾರಾದರೂ ಕರೆದು ಮೇಲೆತ್ತುವವರೆಗೂ. ಎತ್ತಿ, ತೊಳೆದು, ದಾರಿಗೆ ಹಚ್ಚಿದರೆ ಮಾತ್ರ ಅವನು ಹಿರಿಯರ ಸಾಲಿಗೆ ಸೇರುತ್ತಾನೆ. ಯಾಂಗ್‌ಸಿಮ್‌ಗೆ ಬೇಕಾಗಿದ್ದುದು ಅದೊಂದೇ. ಮರುಮದುವೆಯ ಮಾತು ತಂದವರನ್ನು ಪೊರಕೆ ಹಿಡಿದು ಓಡಿಸಿದಳು. "ಅವನಿನ್ನೂ ನೀರಲ್ಲಿ ನಡುಗ್ತಾ ಅವ್ನೆ, ನಾನು ಇಲ್ಲಿ ಬೆಚ್ಚಗೆ ಮಲಗ್ಲಾ?" ಎಂದು ಕೇಳಿದಳು. ಆದರೆ ಜೀವ ಎತ್ತಿಸಲು ತಾಯಿಯ ಒಪ್ಪಿಗೆ ಬೇಕು. ಬದುಕಿರುವ ಮಗನಿಗೆ ಎತ್ತಿಸುತ್ತೀಯಾ ಎಂದು ಅತ್ತೆ ಜಗಳಕ್ಕೆ ಬೀಳುತ್ತಿದ್ದಳು. ಹೀಗೇ ವರ್ಷಗಳು ಹೋದವು. ಬಡಗಣ ತೆಂಕಣದ ಅಣ್ಣತಮ್ಮಂದಿರೇ ಒಬ್ಬರನ್ನೊಬ್ಬರು ಕೊಂದ ಇನ್ನೊಂದು ಯುದ್ಧವೂ ಬಂದು ಹೋಯಿತು.

ಒಂದು ಬೆಳಿಗ್ಗೆ ಅತ್ತೆ ತಾನಾಗಿಯೇ ಬಟ್ಟಲನ್ನು ತಂದು ಸೊಸೆಯ ಮುಂದಿಟ್ಟಳು. "ಮುಟ್ಟಿ ನೋಡು" ಎಂದಳು. ಕಾದ ನೆಲದ ಮೇಲೆ, ಹತ್ತಿಯ ಹೊದಿಕೆಯೊಳಗೆ ಇಟ್ಟಿದ್ದ ಬಟ್ಟಲು ಮಂಜಿನಷ್ಟು ತಣ್ಣಗಿತ್ತು. ನೆಲ ಮಾತ್ರ ಬಿಸಿಯಾಗಿಯೇ ಇತ್ತು.

"ಕರ್ಸೇ ದಂಗೊಲ್‌ನ" ಎಂದು ಅತ್ತೆ ಗೋಡೆಯ ಕಡೆ ತಿರುಗಿಕೊಂಡಳು.

ಸತ್ತವರ ಜೀವ ತೊಳೆದು ಕಳಿಸುವ ಮನೆತನದ ಹೆಂಗಸನ್ನು ನಮ್ಮಲ್ಲಿ ದಂಗೊಲ್ ಎನ್ನುತ್ತಾರೆ. ಬೇರೆ ದಿನಗಳಲ್ಲಿ ಊರವರು ಆ ಮುದುಕಿಯನ್ನು ಹೋಗೇ ಬಾರೇ ಎಂದು ಕೂಗುತ್ತಾರೆ, ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಮನೆಯಲ್ಲಿ ಸಾವಾದ ದಿನ ಅದೇ ಬಾಯಿಗಳಲ್ಲಿ "ಬನ್ನಿ ಅಜ್ಜಿ, ಕೂತ್ಕೊಳ್ಳಿ ಅಜ್ಜಿ" ಎಂದು ಮಾತು ಬದಲಾಗುತ್ತದೆ. ದೊಡ್ಡವರ ದೊಡ್ಡತನ ಅಷ್ಟರಲ್ಲೇ ಇದೆ.

ಇಳಿತದ ಹೊತ್ತು ನೋಡಿ, ಹಾಡುಹಗಲಲ್ಲಿ, ಬಂಡೆಯ ಮೇಲೆ ಚಾಪೆ ಹಾಸಿದರು. ಜಾಗಟೆ ಬಡಿಯಿತು. ದಂಗೊಲ್ ಅಜ್ಜಿ ಪಾನ್‌ಸುವಿನ ಬಟ್ಟಲಿಗೆ ಅಕ್ಕಿ ತುಂಬಿ, ಮುಚ್ಚಳ ಹಾಕಿ, ಬಿಳಿ ಬಟ್ಟೆಯಲ್ಲಿ ಬಿಗಿದು ಕಟ್ಟಿ, ಉದ್ದನೆಯ ಹತ್ತಿ ಬಟ್ಟೆಯ ತುದಿಗೆ ಗಂಟು ಹಾಕಿದಳು. ಪಾನ್‌ಸುವಿನ ಹೆಸರು ಹಿಡಿದು, ಬಾರಪ್ಪಾ, ನಿಮ್ಮವ್ವನ ಅನ್ನ ಆರ್ತಾ ಇದೆ, ಬಾ ಎಂದು ಹಾಡಿ ಬಟ್ಟಲನ್ನು ನೀರಿಗೆ ಎಸೆದಳು. ಜೀವ ಬಂದಿದ್ದರೆ ಬಟ್ಟಲೊಳಗೆ ಅಕ್ಕಿಯ ಮೇಲೆ ಒಂದು ಕೂದಲು ಇರುತ್ತದೆ. ಅದೇ ಗುರುತು.

ಮೊದಲ ಸಲ ಬಿಚ್ಚಿದಾಗ ಏನೂ ಇರಲಿಲ್ಲ, ಅಕ್ಕಿ ಒಣಗಿಯೇ ಇತ್ತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಎಳೆಯುವಾಗ ದಂಗೊಲ್ ಅಜ್ಜಿಯ ಕೈ ಜಗ್ಗಿತು. ಜಾಗಟೆ ಬಡಿಯುತ್ತಿದ್ದವನೂ ಬಂದು ಎಳೆಯಬೇಕಾಯಿತು. ನೀರು ತಿರುಗುವ ಹೊತ್ತಲ್ಲದಿದ್ದರೂ ಗಂಡಿಯ ಕಡೆಯಿಂದ ಅಳು ಕೇಳಿಸಿತು.

ಗಂಟು ಬಿಚ್ಚಿದರು. ಅಕ್ಕಿಯ ಮೇಲೆ ಕೂದಲಿತ್ತು. ಯಾಂಗ್‌ಸಿಮ್ ಸಂತೋಷದಿಂದ ಕೂಗಿ ಕೈ ಚಾಚಿದಳು, ಚಾಚಿದ ಕೈ ಅಲ್ಲೇ ನಿಂತಿತು. ಕೂದಲನ್ನು ದಂಗೊಲ್ ಅಜ್ಜಿ ಎತ್ತಿ ಹಿಡಿಯುತ್ತಲೇ ಹೋದಳು. ಅದು ಮುಗಿಯಲೇ ಇಲ್ಲ. ಮೊಳದುದ್ದದ ಕೂದಲು. ಜಡೆ ಕಟ್ಟಿ, ನೆತ್ತಿಗೆ ಗಂಟು ಹಾಕುವಂಥ ಹಳೆಯ ಕಾಲದ ಗಂಡಸಿನ ಕೂದಲು.

ಮಾನ್‌ಬೊಕ್ ಹತ್ತಿರ ಬಂದು ಬಗ್ಗಿ ನೋಡಿದ. "ಪಾನ್‌ಸು ತಲೆ ಬೋಳ್ಸಿದ್ರಲ್ಲ" ಎಂದ. ಅದನ್ನು ಹೇಳುವ ಅಗತ್ಯ ಯಾರಿಗೂ ಇರಲಿಲ್ಲ.

ದಂಗೊಲ್ ಅಜ್ಜಿ ಕೂದಲನ್ನು ಮೆಲ್ಲಗೆ ಬಟ್ಟಲಿನ ಅಕ್ಕಿಯ ಮೇಲೆ ಇಳಿಸಿದಳು. "ಇವನು ನಿಮ್ಮವನಲ್ಲ ತಾಯಿ. ಹಳಬ. ದಿಬ್ಬದವರಲ್ಲೊಬ್ಬ. ಹೆಣ ದಡಕ್ಕೆ ಬಂತು, ಜೀವ ನೀರಲ್ಲೇ ಉಳೀತು ಅನ್ಸುತ್ತೆ. ಕರ್ದಿದ್ದು ಕೇಳ್ಸಿ ಬಂದವ್ನೆ. ಬಂದೋನ್ನ ತೊಳ್ದು ಕಳಿಸೋಣ. ಆಮೇಲೆ ನಿಮ್ಮವನ್ನ ಕರೆಯೋಣ."

ಯಾಂಗ್‌ಸಿಮ್‌ಗೆ ಸಿಟ್ಟು ನೆತ್ತಿಗೇರಿತು. "ಇವ್ನನ್ನಾ? ನಾನಾ? ಆ ಯುದ್ಧದಲ್ಲಿ ನಮ್ಮೋರ ಮೂಗು ಕೊಯ್ದು ಉಪ್ಪು ಹಾಕಿ ಪೀಪಾಯಲ್ಲಿ ತುಂಬ್ಕೊಂಡು ಹೋದ ಜಾತಿ ಇದು. ಇವ್ನ ಮರಿಮಕ್ಕಳೇ ಬಂದು ನನ್ನ ಗಂಡನ್ನ ಎಳ್ಕೊಂಡು ಹೋಗಿದ್ದು. ನನ್ನ ಗಂಡನ ಬಟ್ಟಲಲ್ಲಿ ಇವ್ನಿಗೆ ಊಟನಾ? ಕರ್ದೋನು ಬರ್ಲಿಲ್ಲ, ಕರೀದೋನು ಬಂದು ಕೂತವ್ನೆ!"

"ಬಂದೋರ್ನ ಬಾಗ್ಲಲ್ಲಿ ನಿಲ್ಲಿಸಿ ಹೋಗ್ಬಾರ್ದು ತಾಯಿ" ಎಂದು ಮುದುಕಿ ಕೈಮುಗಿದಳು.

ಅವಳು ಕೇಳಿದರೆ ತಾನೇ? ಬಟ್ಟಲನ್ನು ಕಸಿದುಕೊಂಡು ಅಕ್ಕಿಯನ್ನೂ ಕೂದಲನ್ನೂ ಸಮುದ್ರಕ್ಕೆ ಚೆಲ್ಲಿ, ಉಪ್ಪುನೀರಲ್ಲೇ ಜಾಲಿಸಿ, ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೊರಟಳು. ಅತ್ತೆ ಮಾತ್ರ ಹಿಂದೆ ಹಿಂದೆ ನೋಡುತ್ತ, ಯಾರಿಗೋ ದಾರಿ ಬಿಟ್ಟವಳ ಹಾಗೆ ಓರೆಯಲ್ಲಿ ನಡೆದು ಬಂದಳು. ಮನೆಯಲ್ಲಿ ಯಾಂಗ್‌ಸಿಮ್ ಬಟ್ಟಲಿನ ಮುಚ್ಚಳ ತೆಗೆದಾಗ ಮುಚ್ಚಳದ ಒಳಮೈಗೆ ಆ ಕೂದಲು ಅಂಟಿಕೊಂಡಿತ್ತು. ಸುತ್ತು ಸುತ್ತಾಗಿ, ಮಲಗಿದ ಹಾಗೆ.

ಅವಳು ಅದನ್ನು ಒಲೆಗೆ ಹಾಕಿದಳು. ಸುಟ್ಟ ವಾಸನೆ ಬರಲಿಲ್ಲ. ಕಡಲಸೊಪ್ಪು ಬೇಯುವ ವಾಸನೆ ಬಂತು.

ಮರುದಿನದಿಂದ ಜಗಲಿಯ ತುದಿಯ ಹಲಗೆ ಒಣಗದಾಯಿತು. ಬೇಸಗೆಯ ಬಿಸಿಲಲ್ಲಿ ಉಳಿದ ಹಲಗೆಗಳು ಬಿರುಕು ಬಿಡುತ್ತಿದ್ದರೆ ಆ ಒಂದು ಮಾತ್ರ ಕಪ್ಪಗೆ ತೇವವಾಗಿ, ಅಂಚಿಗೆ ಬಿಳಿಯ ಉಪ್ಪು ಹೂವಿಟ್ಟುಕೊಂಡು ಇರುತ್ತಿತ್ತು. ಒಬ್ಬ ಮನುಷ್ಯ ಕಾಲು ಇಳಿಬಿಟ್ಟು ಕೂತರೆ ಎಷ್ಟು ಜಾಗ ಬೇಕೋ ಅಷ್ಟೇ ತೇವ. ಅವಳು ಬೂದಿ ಹಾಕಿ ಉಜ್ಜಿದಳು, ಹಲಗೆಯನ್ನೇ ಕಿತ್ತು ಹೊಸದು ಹಾಕಿಸಿದಳು. ಹೊಸದೂ ತೇವವಾಯಿತು. ಮನೆಯ ಬಿಳಿ ನಾಯಿ, ನಮ್ಮ ದ್ವೀಪದ ನಾಯಿಗಳ ಗುಣ ನಿಮಗೆ ಗೊತ್ತಲ್ಲ, ಯಜಮಾನನಲ್ಲದೆ ಇನ್ನೊಬ್ಬನನ್ನು ಅಂಗಳಕ್ಕೆ ಬಿಡದ ಜಾತಿ, ಅದು ಬೊಗಳಲಿಲ್ಲ. ಜಗಲಿಯ ಕೆಳಗಿನ ತನ್ನ ಜಾಗ ಬಿಟ್ಟು ಕೊಟ್ಟಿಗೆಯ ಮೂಲೆಗೆ ಹೋಗಿ ಮಲಗತೊಡಗಿತು.

ಯಾಂಗ್‌ಸಿಮ್‌ಗೆ ಇದೆಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅತ್ತೆಯ ಸಂತೋಷ. ವರ್ಷಗಳಿಂದ ಮುಖ ಗಂಟಿಕ್ಕಿಕೊಂಡಿದ್ದ ಮುದುಕಿ ಈಗ ಜಗಲಿಯ ತುದಿಯ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತ ಮಾತಾಡುತ್ತಿದ್ದಳು. ಬಾರ್ಲಿ ಹೇಗೆ ಬಂದಿದೆ, ಯಾರ ಮನೆ ಹಂದಿ ಈದಿದೆ, ಎಲ್ಲ ವರದಿ.

"ಯಾರ ಜೊತೆ ಅತ್ತೆ ಮಾತು?"

"ಪಾನ್‌ಸು ಬಂದವ್ನಲ್ಲೇ. ಕಣ್ಣು ಕಾಣಲ್ವಾ ನಿಂಗೆ? ನೆಂದು ತೊಪ್ಪೆಯಾಗವ್ನೆ. ಏನಾರ ಬಿಸಿದು ಕೊಡು."

"ಅತ್ತೆ, ಅವ್ನು ಪಾನ್‌ಸು ಅಲ್ಲ!"

"ಮಾತು ಮರ್ತವ್ನೆ ಅಷ್ಟೆ. ಜಪಾನಿನೋರು ಬಾಯಿ ಕಟ್ಟಿ ಅವ್ರ ಮಾತು ಕಲಿಸಿದ್ರಲ್ಲ. ಏನಂತಾನೋ ನಂಗೆ ತಿಳಿಯಲ್ಲ. ಒಂದೇ ಮಾತು ತಿರುಗಿ ತಿರುಗಿ ಅಂತಾನೆ. ಅವ್ವಾ ಅಂತಲೇ ಇರ್ಬೇಕು. ಹೆತ್ತೋಳ್ಗೆ ಅಷ್ಟು ತಿಳಿಯಲ್ವಾ?"

ಒಂದು ಮಧ್ಯಾಹ್ನ ಅತ್ತೆ ಬಟ್ಟಲಿಗೆ ಬಿಸಿ ಅನ್ನ ಹಾಕಿ ಜಗಲಿಯ ಮೇಲಿಟ್ಟಿದ್ದಳು. ಗಾಳಿ ಇರಲಿಲ್ಲ. ಎದುರಿನ ಮರದ ಎಲೆ ಅಲುಗುತ್ತಿರಲಿಲ್ಲ. ಯಾಂಗ್‌ಸಿಮ್ ಅಂಗಳದಲ್ಲಿ ಕಡಲಸೊಪ್ಪು ಹರಡುತ್ತಿದ್ದವಳು ತಲೆಯೆತ್ತಿ ನೋಡಿದಳು. ಅನ್ನದ ಹಬೆ ನೇರ ಮೇಲಕ್ಕೆ ಹೋಗುತ್ತಿರಲಿಲ್ಲ. ಬಟ್ಟಲಿನಿಂದ ಎದ್ದು, ಅಡ್ಡಕ್ಕೆ ಬಾಗಿ, ಜಗಲಿಯ ತುದಿಯ ಕಡೆ ಹೋಗಿ, ಗೇಣುದ್ದದಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ನಿಂತು, ಮತ್ತೆ ಬಾಗುತ್ತಿತ್ತು. ಹಸಿದವನು ಉಸಿರು ಎಳೆದುಕೊಳ್ಳುವ ಹಾಗೆ. ಅವಳು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದಳು. ಆ ದಿನ ಊರಲ್ಲಿ ಯಾರನ್ನೂ ಬೈಯಲಿಲ್ಲ. ಅವಳಿಗೆ ಜ್ವರ ಬಂದಿರಬೇಕು ಎಂದು ಮಾನ್‌ಬೊಕ್ ತನ್ನ ಹೆಂಡತಿಗೆ ಹೇಳಿದ.

ಆ ಅನ್ನವನ್ನು ಅವಳು ಆಮೇಲೆ ಬಾಯಿಗೆ ಹಾಕಿ ನೋಡಿದಳು. ಉಪ್ಪುನೀರಲ್ಲಿ ಬೇಯಿಸಿದಂತಿತ್ತು. ಅತ್ತೆ ತನ್ನ ಪಾಲನ್ನೂ ಆ ಬಟ್ಟಲಿಗೇ ಸುರಿಯುತ್ತಿದ್ದಾಳೆ ಎಂದು ತಿಳಿದದ್ದು ಆಗಲೇ. ಮುದುಕಿಯ ಮಣಿಕಟ್ಟು ಕಡ್ಡಿಯಾಗಿತ್ತು.

ಅವಳು ದಂಗೊಲ್ ಅಜ್ಜಿಯ ಮನೆಗೆ ಹೋಗಿ ಹೊಸ್ತಿಲಲ್ಲೇ ಕೂತಳು. "ಏನಾರ ಮಾಡಿ ಅಜ್ಜಿ. ಓಡ್ಸಿ ಅವನ್ನ."

"ಓಡ್ಸೋಕೆ ಅವನೇನು ಕೋಳಿಯಾ? ಅರ್ಧ ಕರ್ದು ಅರ್ಧಕ್ಕೆ ಬಿಟ್ಟಿದ್ದು ನೀವು."

"ನನ್ನ ಗಂಡನ್ನ ಎತ್ತಿ ಹಂಗಾದ್ರೆ. ಇವನು ಇದ್ರೆ ಇರ್ಲಿ."

ಮುದುಕಿ ತಲೆಯಾಡಿಸಿದಳು. "ಬಟ್ಟಲು ಒಂದೇ ಅಲ್ವಾ ತಾಯಿ? ಅದ್ರಲ್ಲಿ ಈಗ ಇವನು ಕೂತವ್ನೆ. ನಿಮ್ಮವನು ಈಜ್ಕೊಂಡು ಬಂದ್ರೂ ಒಳಗೆ ಕಾಲಿಡೋಕೆ ಜಾಗ ಎಲ್ಲಿದೆ? ಇವನ್ನ ಮೊದ್ಲು ಕಳಿಸ್ಬೇಕು. ನಾನು ಕಳಿಸಿದ್ರೆ ಹೋಗಲ್ಲ. ತಡೆದೋರ ಕೈಯಿಂದ್ಲೇ ಆಗ್ಬೇಕು. ಇವನ ಮೈ ದಿಬ್ಬದಲ್ಲಿದೆ. ಅಲ್ಲಿ ಹುಲ್ಲು ಕೊಯ್ದು, ಅದೇ ಬಟ್ಟಲಲ್ಲಿ ಅನ್ನ ಇಟ್ಟು ಕೂರಿಸಿ ಬನ್ನಿ."

"ಯಾವ ಗೋರಿ ಅಂತ ಹುಡುಕ್ಲಿ? ಹೆಸ್ರಿಲ್ಲ, ಕುಲ ಇಲ್ಲ."

"ಅವನಿಗೆ ಗೊತ್ತಿರ್ತದೆ" ಎಂದಳು ಮುದುಕಿ.

ಯಾಂಗ್‌ಸಿಮ್ ಬೇಸಗೆಯೆಲ್ಲ ಹಟ ಹಿಡಿದಳು. ಹಗೆದಿಬ್ಬಕ್ಕೆ ಕುಡುಗೋಲು ತಾಗಿಸುವುದಿಲ್ಲ ಎಂದು ಗಂಡ ಹೋದ ವರ್ಷ ಆಣೆ ಮಾಡಿದ್ದಳು, ಆ ಆಣೆಯೊಂದೇ ಅವಳ ಪಾಲಿಗೆ ಗಂಡನ ಗೋರಿಯಾಗಿತ್ತು. ಅದನ್ನೂ ಬಿಟ್ಟರೆ ತನ್ನ ಹತ್ತಿರ ಏನು ಉಳಿಯಿತು? ಆದರೆ ಒಂದು ಕಡೆ ಅತ್ತೆ ದಿನದಿನಕ್ಕೆ ಸವೆಯುತ್ತಿದ್ದಳು, ಇನ್ನೊಂದು ಕಡೆ ಪಾನ್‌ಸು ಎಲ್ಲೋ ನೀರಲ್ಲಿ ಬಾಗಿಲು ಹುಡುಕುತ್ತಿದ್ದ. ಕೊಯ್ಲು ಹುಣ್ಣಿಮೆ ಹತ್ತಿರ ಬಂದು, ಊರವರೆಲ್ಲ ಗೋರಿಗಳಿಗೆ ಹೊರಟಾಗ ಅವಳು ಅಟ್ಟದಿಂದ ಕುಡುಗೋಲು ಇಳಿಸಿದಳು. ತುಕ್ಕು ಹಿಡಿದಿತ್ತು. ಮಸೆಯುತ್ತ ಕೂತವಳನ್ನು ನೋಡಿ ಅತ್ತೆ, "ನಾನೂ ಬತ್ತೀನಿ" ಎಂದಳು.

"ಮಂಡಿ ಮಡಚೋಕಾಗಲ್ಲ, ನೀವೆಲ್ಲಿಗೆ?"

"ಮಗನ್ನ ಕಳಿಸ್ಕೊಡೋಕೆ ತಾಯಿ ಬರಲ್ವಾ? ಹೊತ್ಕೋ."

ಯಾಂಗ್‌ಸಿಮ್ ಅತ್ತೆಯನ್ನು ಬೆನ್ನ ಮೇಲೆ ಹೊತ್ತು, ಬಟ್ಟಲನ್ನೂ ಪೈನ್ ಎಲೆ ಹಾಸಿ ಬೇಯಿಸಿದ ಕಡುಬನ್ನೂ ಸೊಂಟಕ್ಕೆ ಕಟ್ಟಿಕೊಂಡು ಹೊರಟಳು. ಮುದುಕಿ ಒಣಸೌದೆಯ ಹೊರೆಯಷ್ಟು ಹಗುರ. ಅಂಗಳ ದಾಟುವವರೆಗೂ ಹಗುರವಾಗಿಯೇ ಇದ್ದಳು. ಗದ್ದೆಯ ಬದುವಿಗೆ ಬಂದಾಗ ಭಾರ ಹೆಚ್ಚಿತು. ದಿಬ್ಬದ ಬುಡಕ್ಕೆ ಬರುವ ಹೊತ್ತಿಗೆ ಇಬ್ಬರನ್ನು ಹೊತ್ತ ಹಾಗಾಯಿತು. ಬೆನ್ನು ಒದ್ದೆಯಾಯಿತು. ಬೆವರು ಎಂದುಕೊಂಡಳು. ಬೆವರಿಗೆ ಅಷ್ಟು ಚಳಿ ಇರುವುದಿಲ್ಲ. ನೀರು ಅವಳ ಕಾಲ ಮೇಲೆ ಇಳಿದು, ನಡೆದ ದಾರಿಯುದ್ದಕ್ಕೂ ಒದ್ದೆಯ ಗೆರೆ ಬಿದ್ದಿತ್ತು. ಕಿವಿಯ ಹಿಂದೆ ಎರಡು ಉಸಿರು ಕೇಳಿಸುತ್ತಿತ್ತು. ಒಂದು ಅತ್ತೆಯದು, ಏದುಸಿರು. ಇನ್ನೊಂದು ಬಹಳ ನಿಧಾನ.

"ತಿರುಗಿ ನೋಡ್ಬೇಡ. ನಡೀ" ಎಂದಳು ಅತ್ತೆ.

ದಿಬ್ಬದ ಮೇಲೆ ಗೋರಿಗಳು ಎದೆಯೆತ್ತರದ ಹುಲ್ಲಿನಲ್ಲಿ ಮುಳುಗಿದ್ದವು. ಅವಳು ಬಿಟ್ಟ ವರ್ಷಗಳೆಲ್ಲ ಅಲ್ಲಿ ಬೆಳೆದು ನಿಂತಿದ್ದವು. ಹುಲ್ಲನ್ನು ಸೀಳಿಕೊಂಡು ಒಂದೊಂದೇ ಗುಡ್ಡೆ ದಾಟಿದಳು. ಮೂಡಲ ಅಂಚಿನ ಒಂದು ಸಣ್ಣ ಗುಡ್ಡೆಯ ಹತ್ತಿರ ಬೆನ್ನ ಮೇಲಿನ ಭಾರ ತಟ್ಟನೆ ಇಳಿಯಿತು. ಅವಳು ಮುಗ್ಗರಿಸಿ ಮುಂದಕ್ಕೆ ಬಿದ್ದಳು. ಎದ್ದು ನೋಡಿದರೆ, ಆ ಗುಡ್ಡೆಯ ಮೇಲಿನ ಹುಲ್ಲು ಮಾತ್ರ ಯಾರೋ ಕೂತ ಹಾಗೆ ನಡುವೆ ಬಗ್ಗಿತ್ತು.

ಅವಳು ಕೊಯ್ದಳು. ಬೈಯುತ್ತಲೇ ಕೊಯ್ದಳು. "ನಿಂಗೆ ಅಂತ ಅಲ್ಲ ಕಣೋ, ನನ್ನ ಗಂಡನಿಗೆ ಜಾಗ ಆಗ್ಲಿ ಅಂತ" ಎಂದು ಪ್ರತಿ ಹಿಡಿಗೂ ಹೇಳಿದಳು. ಗುಡ್ಡೆ ಬೋಳಾದ ಮೇಲೆ ಬಟ್ಟಲಿಗೆ ಅನ್ನ ಹಾಕಿ, ಕಡುಬಿಟ್ಟು, ಹಲ್ಲು ಕಚ್ಚಿ ಅಡ್ಡಬಿದ್ದಳು. ಅತ್ತೆ ಗುಡ್ಡೆಯನ್ನು ಸವರುತ್ತ, "ಹೋಗಿ ಬಾರಪ್ಪ. ಇನ್ನು ನೆನೀಬೇಡ" ಎಂದಳು.

"ಪಾನ್‌ಸು ಅಂತ ಕರೀಲಿಲ್ಲ ಯಾಕೆ ಈಗ?" ಎಂದು ಯಾಂಗ್‌ಸಿಮ್ ಕೇಳಿದಳು. ಅವಳಿಗೆ ಅಳು ಬರುತ್ತಿತ್ತು, ಅದಕ್ಕೇ ದನಿ ಒರಟಾಗಿತ್ತು.

ಅತ್ತೆ ಅವಳನ್ನು ನೋಡಿದಳು. ಕಣ್ಣಲ್ಲಿ ಮಂಕಿರಲಿಲ್ಲ. "ನಾನು ಹೆತ್ತೋಳು ಕಣೇ. ನನ್ನ ಮಗ ಅಲ್ಲ ಅಂತ ಬಂಡೆ ಮೇಲೇ ಗೊತ್ತಾಗಿತ್ತು ನಂಗೆ."

"ಮತ್ಯಾಕೆ ಇಷ್ಟು ದಿನ..."

"ನನ್ನ ಮಗ ಎಲ್ಲಿ ಮುಳುಗಿದ್ನೋ, ಅಲ್ಲೂ ಒಂದು ದಂಡೆ ಇರ್ತದೆ. ಯಾರದ್ದೋ ಜಗಲಿ ತುದೀಲಿ ನೆಂದ್ಕೊಂಡು ಕೂತಿರ್ತಾನೆ. ಅವನ ಮಾತು ಅವ್ರಿಗೆ ತಿಳಿಯಲ್ಲ. ಆ ಮನೇಲೂ ಒಬ್ಳು ಮುದುಕಿ ಇರ್ತಾಳೆ. ಅವಳ ಮಗನೂ ಯಾವುದೋ ಹಡಗಲ್ಲಿ ಹೋಗಿರ್ತಾನೆ. ಅವಳು ಇವನ್ನ ಎಬ್ಬಿಸಿ ಓಡ್ಸದೆ, ತನ್ನ ಮಗನ ಹೆಸ್ರಲ್ಲೇ ಕರ್ದು ಒಂದು ತುತ್ತು ಹಾಕ್ಲಿ ಅಂತ. ನಾನು ಹಾಕಿದ್ರೆ ಅವಳೂ ಹಾಕ್ತಾಳೆ. ಅದಕ್ಕೇ ಕಣೇ ಈ ಮನೆಯೋರು ಮೊದಲಿಂದ ಇಲ್ಲಿ ಹುಲ್ಲು ಕೊಯ್ತಾ ಬಂದಿರೋದು. ಎಲ್ರ ಮನೆಯೋರೂ ಸಮುದ್ರಕ್ಕೆ ಹೋಗ್ತಾರೆ."

ಯಾಂಗ್‌ಸಿಮ್ ಆ ವರ್ಷಗಳಲ್ಲಿ ಮೊದಲ ಸಲ ಊರು ಕೇಳುವ ಹಾಗೆ ಅತ್ತಳು. ಅತ್ತು ಮುಗಿದ ಮೇಲೆ ಸುಮ್ಮನೆ ಕುಡುಗೋಲು ಎತ್ತಿಕೊಂಡು ಪಕ್ಕದ ಗುಡ್ಡೆಗೆ ಹೋದಳು. ಅದು ಯಾರದೋ ಅವಳಿಗೆ ಗೊತ್ತಿರಲಿಲ್ಲ. ಅದನ್ನು ಮುಗಿಸಿ ಅದರ ಪಕ್ಕದ್ದಕ್ಕೆ ಹೋದಳು. ಬಿಸಿಲು ಇಳಿಯುವವರೆಗೆ ಕೊಯ್ದಳು. ಬೈಗುಳ ನಿಂತಿತ್ತು.

ಮನೆಗೆ ಹೊರಡುವಾಗ ಬಟ್ಟಲು ಎತ್ತಿಕೊಂಡಳು. ಅನ್ನ ಆರಿತ್ತು. ಅನ್ನದ ನಟ್ಟನಡುವೆ ಒಂದು ಕೂದಲಿತ್ತು. ಅಕ್ಕಿಯ ಕಾಳಿಗಿಂತ ಉದ್ದವಿರಲಿಲ್ಲ, ಕಪ್ಪಗಿತ್ತು. ಅತ್ತೆಯ ತಲೆಯೆಲ್ಲ ಬೆಳ್ಳಗೆ, ಯಾಂಗ್‌ಸಿಮ್‌ಳ ಜಡೆ ಸೊಂಟದವರೆಗೆ. ಸಮುದ್ರ ಅಲ್ಲಿಂದ ಎಷ್ಟೋ ಗದ್ದೆಗಳಾಚೆ. ಅವಳು ಅದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು ಇನ್ನೊಂದು ಬೆರಳಿಂದ ಒತ್ತಿದಳು. ಚುಚ್ಚಿತು.

ದಂಗೊಲ್ ಅಜ್ಜಿ ಬಂದು ಉಳಿದುದನ್ನು ಮಾಡಿ ಮುಗಿಸಿದಳು. ಸೊಪ್ಪಿನ ನೀರಲ್ಲಿ ತೊಳೆದು, ಬಿಳಿ ಬಟ್ಟೆಯನ್ನು ದಾರಿಯ ಹಾಗೆ ಹಿಡಿದು, ಪಾನ್‌ಸುವನ್ನು ಅದರ ಮೇಲೆ ನಡೆಸಿ ಕಳಿಸಿದಳು. ಕೂದಲನ್ನು ಬಟ್ಟಲ ಸಮೇತ ಹಿರಿಯರ ಸಾಲಿನಲ್ಲಿ ಹೂತರು. ಜಗಲಿಯ ಹಲಗೆ ಒಣಗಿತು. ನಾಯಿ ತನ್ನ ಜಾಗಕ್ಕೆ ಬಂತು. 'ಇನ್ನು ಅನ್ನ ಮುಚ್ಚಿಡೋ ಕೆಲ್ಸ ಇಲ್ಲ' ಎಂದು ಅತ್ತೆ ಆ ಚಳಿಗಾಲ ಚೆನ್ನಾಗಿ ಉಂಡು, ಮುಂದಿನ ವಸಂತದಲ್ಲಿ ನಿದ್ದೆಯಲ್ಲೇ ಹೋದಳು.

ಯಾಂಗ್‌ಸಿಮ್ ಬಹಳ ಕಾಲ ಬದುಕಿದಳು. ಗಂಡಿಯ ಮೇಲೆ ದೊಡ್ಡ ಸೇತುವೆ ಬಂದು, ದೋಣಿಕಟ್ಟೆ ಪಾಳು ಬಿದ್ದ ಮೇಲೂ ಇದ್ದಳು. ಬಾಯಿ ಸಣ್ಣದಾಗಲಿಲ್ಲ. ಆದರೆ ಕೊಯ್ಲು ಹುಣ್ಣಿಮೆಯ ಮುಂಚೆ ಅವಳು ಪದ್ಧತಿಯನ್ನು ತಿರುಗಿಸಿಬಿಟ್ಟಿದ್ದಳು. ಮೊದಲು ಹಗೆದಿಬ್ಬ, ಗಂಡನ ಗೋರಿ ಆಮೇಲೆ. ಹಿರಿಯರಿಗೆ ಅವಮಾನವಲ್ಲವೇ ಎಂದು ಮಾನ್‌ಬೊಕ್ ಒಂದು ಸಲ ಜಗಳ ತೆಗೆದ.

"ನಮ್ಮೋರು ಕಾಯ್ತಾರೆ, ಮನೆಗೆ ಬಂದು ಸೇರವ್ರಲ್ಲ" ಎಂದಳು ಅವಳು. ಅಷ್ಟಕ್ಕೇ ಬಿಡದೆ ಕಿವಿಗೊಟ್ಟು ನಿಂತಳು. ನೀರು ತಿರುಗುವ ಹೊತ್ತು. ಗಂಡಿ ಅಳಲು ಶುರುಮಾಡಿತ್ತು. "ಪಾನ್‌ಸು ಒಬ್ನೇ ಅಲ್ಲ ಕಣೋ ಆ ಹಡಗಲ್ಲಿ ಹೋಗಿದ್ದು. ಉಳಿದೋರು ಇನ್ನೂ ಅಲ್ಲೇ ಅವ್ರೆ. ಆ ದಂಡೇಲಿ ಯಾರೋ ಹೆಂಗ್ಸು ಈಗ ಕುಡುಗೋಲು ಮಸೀತಾ ಇರ್ತಾಳೆ. ಅವಳು ಕೈ ನಿಲ್ಲಿಸ್ಬಾರ್ದು."

ಹಾಗೆಂದು ಅವಳು ದಿಬ್ಬ ಹತ್ತಿದಳು. ಬೆನ್ನು ಬಾಗಿತ್ತು, ಏನೂ ಹೊತ್ತಿರಲಿಲ್ಲ. ಅವಳು ನಡೆದ ಒಣದಾರಿಯ ಮೇಲೆ ಒದ್ದೆಯ ಗೆರೆ ಬಿದ್ದಿದ್ದನ್ನು ಮಾನ್‌ಬೊಕ್ ನೋಡಿದ. ಅವಳು ಇಳಿದು ಬರುವವರೆಗೂ ಅಲ್ಲಿಂದ ಕದಲಲಿಲ್ಲ, ಆ ಗೆರೆಯ ಮೇಲೆ ಕಾಲಿಡಲೂ ಇಲ್ಲ.